ಮೇಲ್ಬಾವಿಯ ಆಕಾಶ

"ಡ್ಯೂಕ್ ಸಾಹೇಬ್ರು ಈ ಊರಿಗೆ ಬಂದಾಗ ಅವರನ್ನ ನಾಲ್ಕು ಜನ ಹೊತ್ಕೊಂಡು ಬಂದಿದ್ರು. ಅಷ್ಟು ಕೀಲುನೋವು. ಮೂರು ವಾರ ಈ ಬುಗ್ಗೆ ನೀರು ಕುಡಿದ್ರು, ಆಮೇಲೆ ತಾವೇ ನಡ್ಕೊಂಡು ಹೋದ್ರು," ಎಂದು ಹೆಟ್ಟಿ ಫರ್ನಿಸ್ ಒಂದು ಕ್ಷಣ ತಡೆದಳು. "ಯಾಕೆ ಅಂದ್ರೆ, ಹೊತ್ಕೊಂಡು ಬಂದೋರು ಅಷ್ಟರಲ್ಲಿ ಕೂಲಿ ಸಿಗದೆ ಓಡಿಹೋಗಿದ್ರು."

ಪ್ರವಾಸಿಗಳು ನಕ್ಕರು. ಅವರು ನಗುವುದು ಇಲ್ಲೇ. ಲಿಡ್‌ವೆಲ್‌ಗೆ ಬಂದವರಿಗೆ ಊರು ತೋರಿಸುವ ಕೆಲಸ ಹಿಡಿದಂದಿನಿಂದ ಹೆಟ್ಟಿ ಈ ಡ್ಯೂಕನನ್ನು ದಿನಕ್ಕೆ ಎರಡು ಸಲ ಹೊರಿಸಿಕೊಂಡು ಬಂದು ನಡೆಸಿಕೊಂಡು ಕಳಿಸುತ್ತಿದ್ದಳು. ಅವನ ಕೀಲುನೋವು ಹೋಯಿತೋ ಬಿಟ್ಟಿತೋ, ಅದೆಲ್ಲ ಈಗ ಹೆಟ್ಟಿಯ ಮಂಡಿಗೆ ಬಂದು ಸೇರಿಕೊಂಡಿತ್ತು.

ಇವತ್ತಂತೂ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ. ಬುಧವಾರ ಸಂಜೆ ಹಳೆಯ ಸ್ನಾನಗೃಹದ ಬಿಸಿನೀರಿನ ಕೊಳದಲ್ಲಿ ಮಾರ್ಟಿಮರ್ ಪಾಸ್ಕ್ ಹೆಣವಾಗಿ ತೇಲಿದ್ದ. ಸ್ನಾನಗೃಹ ನೋಡಿಕೊಳ್ಳುವವನು ಹೆಟ್ಟಿಯ ತಮ್ಮ ಕ್ಲೆಮ್ ವೈಲ್ಡ್‌ಗೂಸ್. ಅವನು ಅಂದಿನಿಂದ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಕೊಲೆಯ ಆರೋಪ ಹೊರಿಸಿ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯುತ್ತಾರೆ.

"ನಿಮ್ಮ ಸಂಕಟ ಅರ್ಥ ಆಗುತ್ತೆ ಮಿಸೆಸ್ ಫರ್ನಿಸ್," ಎಂದಿದ್ದ ಇನ್ಸ್‌ಪೆಕ್ಟರ್ ರೆಡ್‌ಫರ್ನ್, ಬೆಳಿಗ್ಗೆ. "ಆದರೆ ಬಾಗಿಲಿಗೆ ಹೊರಗಿಂದ ಬೀಗ. ಕೀಲಿ ಒಂದೇ. ಅದು ನಿಮ್ಮ ತಮ್ಮನ ಹತ್ರ. ಪಾಸ್ಕ್ ತಲೆ ಹಿಂದೆ ಪೆಟ್ಟು. 'ಮಧ್ಯಾಹ್ನ ಪೂರ್ತಿ ನಾನೇ ಬಾಗಿಲಲ್ಲಿ ಕೂತಿದ್ದೆ, ಯಾರೂ ಬರಲಿಲ್ಲ' ಅಂತ ನಿಮ್ಮ ತಮ್ಮನೇ ಹೇಳ್ತಿದಾನೆ. ಅವನ ಕುತ್ತಿಗೆಗೆ ಅವನೇ ಹಗ್ಗ ಹಾಕ್ಕೊಂಡ್ರೆ ನಾನೇನು ಮಾಡ್ಲಿ?"

ಏನೂ ಮಾಡಬೇಡಿ, ಎಂದುಕೊಂಡು ಹೆಟ್ಟಿ ಎದ್ದು ಬಂದಿದ್ದಳು. ಕ್ಲೆಮ್ ಜೇಡರ ಹುಳುವನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಡುವವನು. ಇದನ್ನು ಪೊಲೀಸರ ಮುಂದೆ ಹೇಳಿ ಪ್ರಯೋಜನವಿರಲಿಲ್ಲ.

ಹಾಗೆ ನೋಡಿದರೆ ಪಾಸ್ಕ್ ಮೇಲೆ ಕೋಪವಿಲ್ಲದವರು ಊರಲ್ಲಿ ಯಾರಿದ್ದರು? ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಆತ ಪ್ರವಾಸಿಗಳಿಗಾಗಿ ಊರಿನ ಹೊಸ ಕೈಪಿಡಿ ಬರೆಯಲು ಕೂತಿದ್ದ. ಹೆಟ್ಟಿಯ ಡ್ಯೂಕ್ ಈ ಊರಿಗೆ ಕಾಲಿಟ್ಟೇ ಇಲ್ಲ ಎಂದು ಹೇಳಿದ್ದ. ಊರಿನ ಬಾವಿಗಳ ಮೇಲೆ ಹೂವಿನ ಚಿತ್ರ ನಿಲ್ಲಿಸುವ ಬಾವಿ ಸಿಂಗಾರದ ಹಬ್ಬ ಸಾವಿರ ವರ್ಷದ್ದಲ್ಲ, ಮುತ್ತಜ್ಜಿಯರ ಕಾಲದಲ್ಲಿ ಪ್ರವಾಸಿಗಳನ್ನು ಸೆಳೆಯಲು ಹೋಟೆಲಿನವರು ಹುಟ್ಟುಹಾಕಿದ್ದು ಎಂದು ಪಾದ್ರಿಗಳ ಮುಂದೆಯೇ ಹೇಳಿ ಅರ್ಧ ಊರನ್ನು ಎದುರು ಹಾಕಿಕೊಂಡಿದ್ದ. ಹೆಟ್ಟಿಯ ಮನೆಗೇ ಊಟಕ್ಕೆ ಬಂದು, ಬುಗ್ಗೆ ನೀರನ್ನು ಬಾಟಲಿಗೆ ತುಂಬಿ ಮಾರುವ ಅವಳ ಗಂಡ ಲೆಸ್ಲಿಯನ್ನು, "ಬುಗ್ಗೆ ರಿಪೇರಿಗೆ ಮುಚ್ಚಿದ್ದ ವರ್ಷ ನಿಮ್ಮ ಕಾರ್ಖಾನೆಯ ಬಾಟಲಿಗೆ ನೀರು ಎಲ್ಲಿಂದ ಬಂತಪ್ಪಾ?" ಎಂದು ಕೇಳಿದ್ದ. ಲೆಸ್ಲಿ ನಕ್ಕು ಆಲೂಗಡ್ಡೆ ಬಡಿಸಿದ್ದ. ಎಲ್ಲರಿಗೂ ಹೀಗೆ ಒಂದೊಂದು ಮುಳ್ಳು ಚುಚ್ಚಿ ಹೋದ ಮನುಷ್ಯ.

"ಇದು ಬಣ್ಣ ಬಳಿದಿರೋದಾ?" ಎಂದು ಒಬ್ಬರು ಕೇಳಿದರು.

ಮತ್ತೆ ಕೆಲಸ. ಹೆಟ್ಟಿ ಮೇಲ್ಬಾವಿಯ ಮೇಲೆ ನಿಲ್ಲಿಸಿದ್ದ ದೊಡ್ಡ ಹಲಗೆಯತ್ತ ತಿರುಗಿದಳು. ಈ ವರ್ಷದ ಚಿತ್ರ ನೋಹನ ನಾವೆ. ಕೆಳಗೆ ಹಸಿರು ಗುಡ್ಡ, ನಡುವೆ ಕಂದು ನಾವೆ, ಮೇಲೆಲ್ಲ ನೀಲಿ ಆಕಾಶ.

"ಬಣ್ಣ ಅಲ್ಲ ಸ್ವಾಮಿ, ಎಸಳು. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಒಂದೊಂದೇ ಹೂವಿನ ಎಸಳು ಒತ್ತಿ ಕೂರಿಸಿರೋದು. ಒಂದು ವಾರ ಇರುತ್ತೆ, ಆಮೇಲೆ ಬಾಡಿಹೋಗುತ್ತೆ."

"ಒಂದು ವಾರಕ್ಕೆ ಇಷ್ಟೊಂದು ಒದ್ದಾಟವಾ?"

"ಊರಿಗೆ ಬೇರೆ ಕೆಲಸ ಇಲ್ಲ," ಎಂದಳು ಹೆಟ್ಟಿ. ಇದಕ್ಕೂ ನಕ್ಕರು.

ಲೀಡ್ಸ್‌ನಿಂದ ಬಂದಿದ್ದ ಹೆಂಗಸೊಬ್ಬಳು ಹಲಗೆಯ ಕೆಳಗಿನ ಹಿತ್ತಾಳೆ ನಳಿಕೆಗೆ ಬಾಟಲಿ ಹಿಡಿದಿದ್ದಳು. ಬಾಟಲಿ ಜಾರಿತು. ಹಿಡಿಯಲು ಹೋಗಿ ಅಂಗೈಯನ್ನು ನಳಿಕೆಯ ಬಾಯಿಗೇ ಅಡ್ಡ ಇಟ್ಟಳು. ನೀರು ಚಿಮ್ಮಿ ನೋಹನ ಮೇಲೆ, ನಾವೆಯ ಮೇಲೆ, ಆಕಾಶದ ಮೇಲೆಲ್ಲ ಸಿಡಿಯಿತು.

"ಅಯ್ಯಯ್ಯೋ! ತಪ್ಪಾಯ್ತು, ತಪ್ಪಾಯ್ತು!"

"ಇರಲಿ ಬಿಡಿ ತಾಯಿ. ನೋಹ ಇದಕ್ಕಿಂತ ಜಾಸ್ತಿ ನೀರು ನೋಡಿದಾನೆ," ಎನ್ನುತ್ತ ಹೆಟ್ಟಿ ಕರವಸ್ತ್ರ ತೆಗೆದು ಹತ್ತಿರ ಹೋದಳು. ಹೋದವಳು ಹಾಗೇ ನಿಂತುಬಿಟ್ಟಳು.

ಗುಡ್ಡದ ಎಸಳುಗಳ ಸಂದಿಗೆ ನೀರು ಹೊಕ್ಕು, ಅವು ಅಲ್ಲಲ್ಲಿ ತಲೆ ಎತ್ತಿ ನಿಂತಿದ್ದವು. ಅಡಿಯ ಮಣ್ಣು ಕಾಣುತ್ತಿತ್ತು. ಆದರೆ ಆಕಾಶ ಅಲ್ಲಾಡಿರಲಿಲ್ಲ. ಹನಿಗಳು ಒಂದು ಎಸಳಿಂದ ಕೆಳಗಿನ ಎಸಳಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಜಾರಿ, ಹೆಂಚಿನ ಮಾಡಿನಿಂದ ಇಳಿದ ಹಾಗೆ ಇಳಿದುಹೋಗುತ್ತಿದ್ದವು.

ಹೆಟ್ಟಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಮಂಡಿ ಲಟಕ್ಕೆಂದಿತು. ಆಕಾಶದ ಎಸಳುಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದ್ದರು.

ಮೇಲ್ಬಾವಿಯವರು ಹಾಗೆ ಜೋಡಿಸುವುದೇ ಇಲ್ಲ.

ಮೇಲ್ಬಾವಿಗೆ ಕಲ್ಲಿನ ಮಂಟಪದ ಆಸರೆ ಇದೆ. ಮಳೆ ಬಂದರೂ ಹಲಗೆಗೆ ಒಂದು ಹನಿ ತಾಗುವುದಿಲ್ಲ. ಹಾಗಾಗಿ ಅವರು ಮೇಲಿನಿಂದ ಶುರುಮಾಡಿ ಸುಲಭವಾಗಿ ಕೆಳಗೆ ಇಳಿಯುತ್ತಾರೆ. ಊರ ತಗ್ಗಿನ ಕೆಳಬಾವಿಗೆ ತಲೆಯ ಮೇಲೆ ಬರಿಯ ಮೋಡ. ಹೆಟ್ಟಿಯ ಮನೆತನ ಸೇರಿದ್ದು ಆ ಕೆಳಬಾವಿಗೆ. ಅಲ್ಲಿಯವರು ಬುಡದಿಂದ ಶುರುಮಾಡಿ ಒಂದರ ಮೇಲೊಂದು ಹೊದಿಸುತ್ತ ಹತ್ತುತ್ತಾರೆ. ಅಜ್ಜಿಯ ಮೊಣಕಾಲ ಬಳಿ ಕೂತು ಕಲಿತದ್ದು ಕೈಗೆ ಅಂಟಿಬಿಡುತ್ತದೆ. ಕಣ್ಣು ಕಟ್ಟಿ ಕೂರಿಸಿದರೂ ಕೆಳಬಾವಿಯ ಕೈ ಬುಡದಿಂದಲೇ ಹೊರಡುತ್ತದೆ.

ಎರಡು ಬಾವಿಗಳಿಗೂ ಎಣ್ಣೆ ಸೀಗೆಕಾಯಿ. ಒಬ್ಬರ ಹಲಗೆಯನ್ನು ಇನ್ನೊಬ್ಬರು ಮುಟ್ಟುವುದಿರಲಿ, ಹಬ್ಬಕ್ಕೆ ಮುಂಚೆ ಕಣ್ಣಲ್ಲಿ ನೋಡುವಂತೆಯೂ ಇಲ್ಲ. ಅದರಲ್ಲೂ ಮೇಲ್ಬಾವಿಯ ಆಕಾಶವನ್ನು ತುಂಬುವುದು ಅವರ ಯಜಮಾನಿ ಒಬ್ಬಳೇ, ಪರದೆ ಎಳೆದುಕೊಂಡು. ಯಜಮಾನಿ ಎಂದರೆ ಡಾರ್ಕಸ್ ಹೀತ್‌ಕೋಟ್. ಬುಧವಾರ ಮಧ್ಯಾಹ್ನ ತಾನು ಹಲಗೆ ಸಿದ್ಧವಾಗುವ ಕೊಟ್ಟಿಗೆಯಲ್ಲಿ ಪರದೆಯ ಹಿಂದೆ ಒಬ್ಬಳೇ ಆಕಾಶ ತುಂಬುತ್ತಿದ್ದೆ ಎಂದು ಆಕೆ ಪೊಲೀಸರಿಗೆ ಹೇಳಿದ್ದಳು. ಊರೆಲ್ಲ ನಂಬಿತ್ತು, ಯಾಕೆಂದರೆ ಸಂಜೆ ಪರದೆ ಸರಿಸಿದಾಗ ಆಕಾಶ ತುಂಬಿತ್ತು.

ಹಾಗಾದರೆ ತುಂಬಿದವರು ಯಾರು? ಆ ಮಧ್ಯಾಹ್ನ ಕೆಳಬಾವಿಯವರೆಲ್ಲ ಶಾಲೆಯ ಹಾಲಿನಲ್ಲಿ ತಮ್ಮ ಹಲಗೆಯ ಸುತ್ತ ಕೂತಿದ್ದರು. ಹೆಟ್ಟಿಯೇ ಎಲ್ಲರಿಗೂ ಟೀ ಹಂಚಿದ್ದಳು. ಅಲ್ಲಿಗೆ ಬಾರದ ಕೆಳಬಾವಿಯ ಕೈ ಒಂದೇ ಒಂದು.

ಕ್ಲೆಮ್.

ಅವನು ಕೊಳದ ಹತ್ತಿರ ಇರಲೇ ಇಲ್ಲ. ಇಲ್ಲಿದ್ದ, ಈ ಆಕಾಶದ ಮುಂದೆ, ಎಸಳು ಎಸಳಾಗಿ. ಅವಳಿಗೆ ಹಲಗೆಯನ್ನೇ ತಬ್ಬಿಕೊಳ್ಳಬೇಕೆನಿಸಿತು.

"ಏನಾಯ್ತಮ್ಮಾ? ಹಾಳಾಯ್ತಾ?" ಎಂದಳು ಲೀಡ್ಸ್‌ನ ಹೆಂಗಸು, ಅಳು ಮೋರೆ ಮಾಡಿಕೊಂಡು.

"ಇಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಳು ಹೆಟ್ಟಿ. ಪಂಪ್ ರೂಮಿನ ಕಥೆ, ರಾಣಿಯ ಸ್ನಾನದ ತೊಟ್ಟಿಯ ಕಥೆ ಎರಡನ್ನೂ ನುಂಗಿಕೊಂಡು, ಬಂದವರನ್ನು ಟೀ ಅಂಗಡಿಯ ಬಾಗಿಲಿಗೆ ಮುಟ್ಟಿಸಿ ಕೈ ತೊಳೆದುಕೊಂಡಳು.

ಲೆಸ್ಲಿ ಚೌಕದ ಮೂಲೆಯಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಈ ಎರಡು ದಿನ ಅವನು ಹೆಟ್ಟಿಯನ್ನು ಒಂದು ಹೆಜ್ಜೆ ನಡೆಯಲು ಬಿಟ್ಟಿರಲಿಲ್ಲ. ಸೂಪ್ ಕಾಸಿ ಕುಡಿಸಿದ್ದ, ಅತ್ತಾಗ ಬೆನ್ನು ಸವರಿದ್ದ. ಇಂಥ ಗಂಡ ಸಿಕ್ಕಿದ್ದು ಪುಣ್ಯ ಎಂದು ಅಕ್ಕಪಕ್ಕದವರು ಅನ್ನುತ್ತಿದ್ದರು. ಹೆಟ್ಟಿಗೂ ಹಾಗೇ ಅನ್ನಿಸುತ್ತಿತ್ತು.

"ಬೇಗ ಮುಗೀತಾ? ಮನೆಗಾ?"

"ಡಾರ್ಕಸ್ ಮನೆಗೆ."

"ಡಾರ್ಕಸ್ ಮನೆಗಾ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಹಲಗೆ ಮೇಲೆ ನೀರು ಬಿತ್ತು. ಹೇಳಿ ಬರಬೇಕು."

ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಹೆಟ್ಟಿ ತಡೆದುಕೊಂಡಳು. ಎರಡು ದಿನದಲ್ಲಿ ಎರಡು ಸಲ ಆಸೆ ಹುಟ್ಟಿ ಎರಡು ಸಲವೂ ಮಣ್ಣುಪಾಲಾಗಿತ್ತು. ಡಾರ್ಕಸ್‌ಳ ಬಾಯಿಂದ ಬಂದ ಮೇಲೆ ಹೇಳಿದರಾಯಿತು, ಅಲ್ಲಿಂದ ನೇರ ಠಾಣೆಗೆ ಹೋದರಾಯಿತು. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಬುಧವಾರದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಡಾರ್ಕಸ್ ಬಾಗಿಲು ತೆರೆದು ಹೆಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿದ್ದವು. ಆಕೆಯದು ಎತ್ತರದ ನಿಲುವು. ಶಾಲೆಯ ದಿನಗಳಿಂದಲೂ ಹೆಟ್ಟಿಯನ್ನು ಹೀಗೇ ಮೇಲಿನಿಂದಲೇ ನೋಡಿದವಳು.

"ನೀರು ಬಿದ್ದ ಸುದ್ದಿ ನಿನಗಿಂತ ಮೊದಲೇ ಬಂತು. ಕೂತ್ಕೋ. ಟೀ ಮೇಜಿನ ಮೇಲಿದೆ, ನೀನೇ ಬಗ್ಗಿಸ್ಕೋ."

ಲಿಡ್‌ವೆಲ್‌ನಲ್ಲಿ ಮನೆಗೆ ಬಂದವರಿಗೆ ನೀವೇ ಟೀ ಬಗ್ಗಿಸಿಕೊಳ್ಳಿ ಅನ್ನುವುದೂ ಒಂದೇ, ಬಾಗಿಲು ಅಲ್ಲಿದೆ ಅನ್ನುವುದೂ ಒಂದೇ. ಹೆಟ್ಟಿ ಅವಮಾನ ನುಂಗಿಕೊಂಡು ಬಗ್ಗಿಸಿಕೊಂಡಳು. ಟೀ ಆರಿಹೋಗಿತ್ತು.

"ಆಕಾಶ ಚೆನ್ನಾಗಿ ಬಂದಿದೆ ಡಾರ್ಕಸ್."

"ಯಾವ ವರ್ಷ ಚೆನ್ನಾಗಿ ಬಂದಿಲ್ಲ?"

"ಈ ವರ್ಷ ಇನ್ನೂ ಚೆನ್ನಾಗಿದೆ. ನೀರು ಬಿದ್ರೂ ನಿಲ್ಲಲ್ಲ."

ಡಾರ್ಕಸ್ ಎದುರಿನ ಕುರ್ಚಿಯಲ್ಲಿ ಕೂತಳು.

"ಅಡ್ಡಗೋಡೆ ಮೇಲೆ ದೀಪ ಇಡಬೇಡ ಹೆಟ್ಟಿ. ಏನಿದೆ ಹೇಳು."

"ಎಸಳನ್ನ ಕೆಳಗಿಂದ ಮೇಲಕ್ಕೆ ಜೋಡಿಸಿದೆ."

"ಅದಕ್ಕೇನೀಗ? ಈ ಸಲ ಹಾಗೆ ಮಾಡೋಣ ಅನ್ನಿಸ್ತು, ಮಾಡಿದೆ."

"ನೀನಾ? ನಮ್ಮನ್ನ ಹೆಂಚು ಹೊದಿಸೋರು ಅಂತ ಊರೆಲ್ಲ ಆಡ್ಕೊಂಡು ನಕ್ಕೋಳು ನೀನು. ಈಗ ನೀನೇ ಹೆಂಚು ಹೊದಿಸಿದೀಯ? ಮಂಟಪದ ಕೆಳಗೆ?"

"ನನ್ನ ಹಲಗೆ, ನನ್ನ ಇಷ್ಟ. ಕೆಳಬಾವಿಯೋರ ಅಪ್ಪಣೆ ಕೇಳಬೇಕಿತ್ತಾ?"

ಹೆಟ್ಟಿ ಲೋಟ ಕೆಳಗಿಟ್ಟಳು. ಮೇಜಿನ ಮೇಲೆ ಹೂದಾನಿಯಲ್ಲಿ ಹಬ್ಬಕ್ಕೆ ಮಿಕ್ಕಿದ ನೀಲಿ ಹೂಗೊಂಚಲು ಇತ್ತು. ಅದನ್ನು ಎಳೆದು ಒಂದು ಹಿಡಿ ಎಸಳು ಕಿತ್ತು ಡಾರ್ಕಸ್‌ಳ ಮುಂದೆ ಸುರಿದಳು.

"ಹಾಗಾದ್ರೆ ತೋರ್ಸು. ಒಂದೇ ಒಂದು ಸಾಲು ಜೋಡಿಸು. ನಾನು ಕಾಲಿಗೆ ಬಿದ್ದು ಹೋಗ್ತೀನಿ."

"ನಿನಗೆ ತಲೆ ಕೆಟ್ಟಿದೆ."

"ಕೆಟ್ಟಿದೆ ಕಣೇ! ನನ್ನ ತಮ್ಮ ನಾಳೆ ಕೊಲೆಗಾರ ಅಂತ ಕಟಕಟೆಲಿ ನಿಲ್ತಾನೆ, ಕೆಡದೆ ಏನಾಗುತ್ತೆ? ಜೋಡಿಸು. ಕೈ ಹೊರಗೆ ತೆಗಿ."

ಡಾರ್ಕಸ್ ಬಹಳ ಹೊತ್ತು ಎಸಳುಗಳನ್ನೇ ನೋಡಿದಳು. ಆಮೇಲೆ ಜೇಬಿನಿಂದ ಕೈ ತೆಗೆದಳು.

ಕೈಗಳು ನಡುಗುತ್ತಿದ್ದವು. ಚಳಿಗೆ, ಕೋಪಕ್ಕೆ ನಡುಗುವ ನಡುಕವಲ್ಲ. ಬಲಗೈ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು, ಎಡಗೈ ಅದನ್ನು ಹಿಡಿಯಲು ಹೋಗಿ ತಾನೂ ಕುಣಿಯುತ್ತಿತ್ತು. ಒಂದು ಎಸಳನ್ನು ಹಿಡಿಯಲು ಹೋದಳು, ಅದು ಜಾರಿತು. ಇನ್ನೊಂದು, ಅದೂ ಜಾರಿತು. ಮೂರನೆಯದಕ್ಕೆ ಹೆಟ್ಟಿಯೇ ಆ ಕೈಗಳನ್ನು ಹಿಡಿದುಕೊಂಡಳು.

"ಸಾಕು. ಸಾಕು ಬಿಡೇ."

ಟೀ ಯಾಕೆ ಬಗ್ಗಿಸಲಿಲ್ಲ ಎಂದು ಹೆಟ್ಟಿಗೆ ಈಗ ಅರ್ಥವಾಯಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಯಾವಾಗಿಂದ?"

"ಚಳಿಗಾಲದಿಂದ. ಶೆಫೀಲ್ಡ್‌ಗೆ ಹೋಗಿ ಡಾಕ್ಟ್ರಿಗೆ ತೋರಿಸ್ದೆ. ಇಲ್ಲಿ ತೋರಿಸಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಲ್ಲ. ಹೋಗೋ ಕಾಯಿಲೆ ಅಲ್ವಂತೆ, ಬೆಳೆಯೋದಂತೆ."

"ಯಾರಿಗೆ ಗೊತ್ತು?"

"ಕ್ಲೆಮ್‌ಗೆ. ಇನ್ನು ಯಾರಿಗೂ ಇಲ್ಲ. ನನ್ನ ಮಗಳಿಗೂ ಹೇಳಿಲ್ಲ." ಡಾರ್ಕಸ್ ಮೂಗು ಒರೆಸಿಕೊಳ್ಳಲು ಹೋಗಿ ಭುಜಕ್ಕೆ ಒರೆಸಿಕೊಂಡಳು. "ಈ ವರ್ಷ ಬಿಷಪ್ ಬರ್ತಾರೆ. ಇನ್ನೊಂದೇ ಒಂದು ವರ್ಷ ಅಂದ್ಕೊಂಡೆ. ಆಕಾಶ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೆ ನನಗೆ ಈ ಊರಲ್ಲಿ ಏನಿದೆ? ಕ್ಲೆಮ್ ಹಿಂದಿನ ಬಾಗಿಲಿಂದ ಬಂದ. ಮಧ್ಯಾಹ್ನ ಪೂರ್ತಿ ಪರದೆ ಹಿಂದೆ ಅವನು ಜೋಡಿಸ್ತಿದ್ದ, ನಾನು ಪಕ್ಕದಲ್ಲಿ ಕೂತು ಎಸಳು ಆರಿಸಿಕೊಡೋ ನಾಟಕ ಆಡ್ತಿದ್ದೆ. ಅದೂ ಸರಿಯಾಗಿ ಆಗ್ಲಿಲ್ಲ. ಕೆಳಗಿಂದ ಹೋಗ್ತಿದೀಯಲ್ಲೋ ಅಂದೆ. ಕೈ ಕೇಳಲ್ಲ ಡಾರ್ಕಸ್ ಅಂದ."

ಒಂದು ಕಾಲಕ್ಕೆ ಕ್ಲೆಮ್ ಇವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಕೆಳಬಾವಿಯ ಹುಡುಗನಿಗೆ ಮೇಲ್ಬಾವಿಯ ಹುಡುಗಿಯೇ ಎಂದು ಎರಡೂ ಮನೆಯವರು ಕುಣಿದಾಡಿದ್ದರು. ಅವಳು ಔಷಧಿ ಅಂಗಡಿಯವನನ್ನು ಮದುವೆಯಾದಳು. ಕ್ಲೆಮ್ ಯಾರನ್ನೂ ಆಗಲಿಲ್ಲ. ಮರೆತಿರಬೇಕು ಎಂದು ಹೆಟ್ಟಿ ಅಂದುಕೊಂಡಿದ್ದಳು.

ಮರುಕ ಬಂದಷ್ಟೇ ಬೇಗ ಹೋಯಿತು. ಅದರ ಜಾಗದಲ್ಲಿ ಕೋಪ ಬಂತು.

"ಹಾಗಿದ್ದೂ ಅವನನ್ನ ಎರಡು ದಿನ ಅಲ್ಲಿ ಕೂರಿಸಿದೀಯ. ನಿನ್ನ ಕೈ ನಡುಗೋದು ಊರಿಗೆ ಗೊತ್ತಾಗಬಾರದು ಅಂತ ನನ್ನ ತಮ್ಮ ಜೈಲಿಗೆ ಹೋಗಬೇಕಾ? ಎಂಥ ಹೆಂಗಸೇ ನೀನು? ಎದೇಲಿ ಏನಿಟ್ಕೊಂಡಿದೀಯ, ಜೇಡಿಮಣ್ಣಾ?"

"ನಾನು ನಿನ್ನೆ ಹೋಗಿದ್ದೆ."

"ಎಲ್ಲಿಗೆ?"

"ಠಾಣೆಗೆ. ಶರ್ಟ್ ಕೊಡೋ ನೆಪದಲ್ಲಿ ಒಳಗೆ ಹೋದೆ. ಇನ್ಸ್‌ಪೆಕ್ಟರ್‌ಗೆ ಎಲ್ಲಾ ಹೇಳ್ಬಿಡ್ತೀನಿ ಅಂದೆ. ಕ್ಲೆಮ್ ಈ ಕೈನೇ ಹಿಡ್ಕೊಂಡು ಬೇಡ್ಕೊಂಡ. ಬೇಡ ಡಾರ್ಕಸ್, ಹೇಳಬೇಡ, ದಮ್ಮಯ್ಯ ಅಂದ."

"ಅವನು ಹಾಗೇ. ನಿನ್ನ ಮರ್ಯಾದೆ ಉಳಿಸೋಕೆ ನೇಣಿಗೂ ಹೋಗ್ತಾನೆ. ಏಳು, ಕೋಟು ಹಾಕ್ಕೋ. ಲೆಸ್ಲಿ ಹೊರಗೆ ಕಾರಲ್ಲಿದಾನೆ. ಈಗಲೇ ಹೋಗೋಣ."

ಡಾರ್ಕಸ್ ಏಳಲಿಲ್ಲ.

"ನನ್ನ ಮರ್ಯಾದೆಗೆ ಅಲ್ಲ ಹೆಟ್ಟಿ."

"ಮತ್ತೆ?"

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಆಮೇಲೆ ಮನೆಗೆ ಬಂದು ಯೋಚನೆ ಮಾಡಿದೆ." ಅವಳು ಕೈಗಳನ್ನು ಮತ್ತೆ ಜೇಬಿಗೆ ಇಳಿಸಿದಳು. "ಬುಧವಾರ ಕೊಳ ತೊಳೆದು ಹೊಸ ನೀರು ತುಂಬೋ ದಿನ. ನೀರು ತುಂಬೋವಾಗ ಅಲ್ಲಿ ಒಬ್ಬರು ಇರಲೇಬೇಕು, ಇಲ್ಲದಿದ್ರೆ ಉಕ್ಕಿ ಬೀದಿಗೆ ಹರಿಯುತ್ತೆ. ಕ್ಲೆಮ್ ನನ್ನ ಹತ್ರ ಇದ್ದ. ಹಾಗಾದ್ರೆ ಅಲ್ಲಿ ಯಾರಿದ್ರು?"

ಇದು ಹೆಟ್ಟಿಗೆ ಹೊಳೆದೇ ಇರಲಿಲ್ಲ. ತಮ್ಮ ಅಲ್ಲಿರಲಿಲ್ಲ ಎಂಬುದೇ ಸಾಕಾಗಿತ್ತು.

"ನಾನು ಅವತ್ತೇ ಕೇಳಿದ್ದೆ," ಎಂದಳು ಡಾರ್ಕಸ್. "ಕೊಳ ಬಿಟ್ಟು ಬಂದಿದೀಯಲ್ಲೋ ಅಂತ. ಚಿಂತೆ ಮಾಡಬೇಡ, ಭಾವನ್ನ ಕೂರಿಸಿ ಬಂದಿದೀನಿ, ಕೀಲಿನೂ ಅವನ ಹತ್ರಾನೇ ಇದೆ ಅಂದ."

"ಯಾವ ಭಾವ?"

ಕೇಳಿದ ಮೇಲೆ ಹೆಟ್ಟಿಗೇ ಗೊತ್ತಾಯಿತು. ಕ್ಲೆಮ್‌ಗೆ ಎಷ್ಟು ಜನ ಭಾವಂದಿರು?

"ಲೆಸ್ಲಿ ಬುಧವಾರ ಮೈದಾನದಲ್ಲಿ ಬೌಲ್ಸ್ ಚೆಂಡಾಟ ಆಡ್ತಿದ್ದ," ಎಂದಳು ನಿಧಾನವಾಗಿ. "ಪ್ರತಿ ಬುಧವಾರ ಆಡ್ತಾನೆ. ಪೊಲೀಸರಿಗೂ ಹಾಗೇ ಹೇಳಿದಾನೆ. ನನಗೂ ಹಾಗೇ ಹೇಳಿದಾನೆ."

"ಹೇಳಿರಬಹುದು."

"ನೀನು ಸುಳ್ಳು ಹೇಳ್ತಿದೀಯ."

"ನಾನ್ಯಾಕೆ ಸುಳ್ಳು ಹೇಳ್ಲಿ?"

"ಯಾಕೆ ಅಂದ್ರೆ ನೀನು ಮೇಲ್ಬಾವಿಯೋಳು! ಯಾಕೆ ಅಂದ್ರೆ ಪಾಸ್ಕ್ ನಿನ್ನ ಹಬ್ಬಾನೇ ಸುಳ್ಳು ಅಂದಾಗ ಅವನ ತಲೆ ಒಡೀತೀನಿ ಅಂತ ಕೂಗಾಡ್ದೋಳು ನೀನು! ಕ್ಲೆಮ್ ನಿನ್ನ ಹತ್ರ ಇದ್ದ, ಸರಿ. ಉಳಿದದ್ದು ನೀನು ಕಟ್ಟಿದ್ದು."

"ಕೂಗಾಡಿದ್ದು ನಿಜ," ಎಂದಳು ಡಾರ್ಕಸ್. ಅವಳ ದನಿಯಲ್ಲಿ ಜಗಳದ ಉತ್ಸಾಹ ಇರಲಿಲ್ಲ. "ಈ ಕೈಲಿ ನಾನು ಯಾರ ತಲೆ ಒಡೀಲಿ? ನೋಡು, ನೀನು ಬಾ ಅಂದ್ರೆ ನಾನು ಈಗಲೇ ಬರ್ತೀನಿ. ಕೈ ತೋರಿಸ್ತೀನಿ, ಆಕಾಶ ನಂದಲ್ಲ ಅಂತ ಬಿಷಪ್ಪರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ಇನ್ಸ್‌ಪೆಕ್ಟರ್ ಮೊದಲು ಕೇಳೋದು ಒಂದೇ: ಕೀಲಿ ಯಾರ ಹತ್ರ ಇತ್ತು? ನನ್ನ ಕೈಲಿ ಸುಳ್ಳು ಹೇಳೋಕಾಗಲ್ಲ. ಕ್ಲೆಮ್ ಬಾಯಿ ಮುಚ್ಕೊಂಡಿರೋದು ನನಗೋಸ್ಕರ ಅಲ್ಲ ಹೆಟ್ಟಿ. ನಿನಗೋಸ್ಕರ."

ಹೆಟ್ಟಿ ಎದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡೇ ಎದ್ದಳು. ಇಷ್ಟು ದಣಿವು ಅವಳಿಗೆ ಎಂದೂ ಆಗಿರಲಿಲ್ಲ. ಇಡೀ ಊರನ್ನು ಹೆಗಲ ಮೇಲೆ ಹೊತ್ತು ತಿರುಗಿದ ಹಾಗಾಗಿತ್ತು.

"ನಾನು ಬಂದು ಹೇಳೋವರೆಗೂ ಎಲ್ಲೂ ಹೋಗಬೇಡ," ಎಂದಳು.

"ಎಲ್ಲಿಗೆ ಹೋಗ್ಲಿ? ಬಾಗಿಲು ನೀನೇ ಎಳ್ಕೊಂಡು ಹೋಗು."

ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಬೀದಿಯುದ್ದಕ್ಕೂ ಹಬ್ಬದ ಬಾವುಟಗಳು. ಐಸ್‌ಕ್ರೀಮ್ ನೆಕ್ಕುತ್ತ ಹೋಗುತ್ತಿದ್ದ ಒಂದು ಜೋಡಿ ಹೆಟ್ಟಿಯ ಎದೆಯ 'ಮಾರ್ಗದರ್ಶಿ' ಬಿಲ್ಲೆ ನೋಡಿ, ಹಳೆಯ ಸ್ನಾನಗೃಹಕ್ಕೆ ಯಾವ ಕಡೆ ಹೋಗಬೇಕು ಎಂದು ಕೇಳಿತು. ಮುಚ್ಚಿದೆ, ಎಂದಳು ಅವಳು.

ಡಾರ್ಕಸ್ ಸುಳ್ಳಿ. ಹಾಗೆ ಅಂದುಕೊಂಡರೆ ಉಸಿರಾಡಲು ಆಗುತ್ತಿತ್ತು. ಚಿಕ್ಕಂದಿನಿಂದ ಆಕೆ ಹೇಳಿದ್ದನ್ನು ಹೆಟ್ಟಿ ನಂಬಿದ್ದೇ ಇಲ್ಲ, ಇವತ್ತು ಯಾಕೆ ನಂಬಬೇಕು? ಯಾವುದೋ ಬೇರೆ ಭಾವ. ಕ್ಲೆಮ್ ತಮಾಷೆಗೆ ಯಾರನ್ನೋ ಭಾವ ಅಂದಿರಬೇಕು. ಬೌಲ್ಸ್ ಮೈದಾನಕ್ಕೆ ಹೋಗಿ ಒಂದು ಮಾತು ಕೇಳಿದರೆ ಮುಗಿಯಿತು: ಲೆಸ್ಲಿ ಬುಧವಾರ ಬಂದಿದ್ದನೇ? ಬಂದಿದ್ದ ಅನ್ನುತ್ತಾರೆ. ಅಷ್ಟೇ.

ಲೆಸ್ಲಿ ಒಳಗಿನಿಂದಲೇ ಕೈ ಚಾಚಿ ಕಾರಿನ ಬಾಗಿಲು ತೆರೆದ. ಅವಳ ಮುಖ ನೋಡಿ ಏನೂ ಕೇಳದೆ, ಅವಳು ಕೂತು ಕಾಲು ಒಳಗೆ ಎಳೆದುಕೊಳ್ಳುವವರೆಗೂ ಕಾದು, ಕಾರು ಹೊರಡಿಸಿದ. ಮೂರು ನಾಲ್ಕು ಮನೆ ದಾಟಿದ ಮೇಲೆ ಮಾತಾಡಿದ.

"ಬೈದಳಾ?"

"ಇಲ್ಲ."

"ಟೀನಾದ್ರೂ ಕೊಟ್ಟಳಾ?"

"ಕೊಟ್ಟಳು."

"ಪಾಪ," ಎಂದು ಲೆಸ್ಲಿ ತಲೆಯಾಡಿಸಿದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. "ಆ ಕೈ ಇಟ್ಕೊಂಡು ಹೇಗೆ ಬಗ್ಗಿಸಿದಳೋ."

ಹೆಟ್ಟಿ ಮುಂದಿನ ಗಾಜನ್ನೇ ನೋಡುತ್ತಿದ್ದಳು. ಕಣ್ಣು ತೆಗೆಯಲಿಲ್ಲ. ಮಗಳಿಗೂ ಹೇಳಿಲ್ಲ ಎಂದಿದ್ದಳು ಡಾರ್ಕಸ್. ಕ್ಲೆಮ್ ಒಬ್ಬನಿಗೇ ಗೊತ್ತು. ಆ ಕ್ಲೆಮ್, ಕೊಳ ನೋಡಿಕೋ ಎಂದು ಕೀಲಿ ಕೊಟ್ಟು ಬರುವಾಗ, ಯಾಕೆ ಎಂದು ಕೇಳಿದವನಿಗಲ್ಲದೆ ಇನ್ನು ಯಾರಿಗೆ ಹೇಳಿರುತ್ತಾನೆ?

ತಾನು ಆಡಿದ ಮಾತು ಲೆಸ್ಲಿಗೂ ಕೇಳಿಸಿರಬೇಕು. ಸ್ಟೀರಿಂಗಿನ ಮೇಲೆ ತಟ್ಟುತ್ತಿದ್ದ ಅವನ ಬೆರಳು ನಿಂತಿತು.

"ಠಾಣೆಗೆ ಹೋಗೋಣ ಲೆಸ್ಲಿ," ಎಂದಳು ಹೆಟ್ಟಿ. "ಕ್ಲೆಮ್‌ನ ನೋಡ್ಬೇಕು."

"ಆಯ್ತು," ಎಂದ ಅವನು. "ಹೋಗೋಣ."

ಎಡಗಡೆ ಠಾಣೆಯ ತಿರುವು ಬಂತು. ಬಾಗಿಲಲ್ಲಿ ಇನ್ಸ್‌ಪೆಕ್ಟರ್ ರೆಡ್‌ಫರ್ನ್ ನಿಂತು ಯಾರೊಂದಿಗೋ ಮಾತಾಡುತ್ತಿದ್ದ. ಹೆಟ್ಟಿ ಕೈ ಎತ್ತಬೇಕು ಅನ್ನುವಷ್ಟರಲ್ಲಿ ಲೆಸ್ಲಿ ಗೇರ್ ಬದಲಿಸಿದ. ಕಾರು ತಿರುಗಲಿಲ್ಲ, ನೇರ ಗುಡ್ಡದ ದಾರಿ ಹತ್ತಿತು.